ಹದ್ದಿನ ಒಂದು ಕಾಲಲ್ಲಿ ಬಾಣ, ಇನ್ನೊಂದರಲ್ಲಿ? ನಾಣ್ಯಗಳ ಮೇಲೆ ಯುದ್ಧ ಮತ್ತು ಶಾಂತಿ

ಅಮೆರಿಕದಲ್ಲಿ ಡೈಮ್ ಎಂಬ ಹತ್ತು ಸೆಂಟಿನ ನಾಣ್ಯವಿದೆ. ಆ ದೇಶದ ನಾಣ್ಯಗಳಲ್ಲೆಲ್ಲ ಇದೇ ಚಿಕ್ಕದು, ನಮ್ಮ ಒಂದು ರೂಪಾಯಿಗಿಂತಲೂ ಪುಟ್ಟದು. ನ್ಯೂಜೆರ್ಸಿಯಲ್ಲೋ ಬೇ ಏರಿಯಾದಲ್ಲೋ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಚಿಲ್ಲರೆ ಡಬ್ಬಿಯ ತಳ ಸೇರುವುದು ಹೆಚ್ಚಾಗಿ ಇದೇ. 2026ಕ್ಕೆ ಅಮೆರಿಕ ಸ್ವಾತಂತ್ರ್ಯ ಘೋಷಿಸಿ 250 ವರ್ಷ. ಆ ನೆಪದಲ್ಲಿ ಡೈಮ್‌ನ ಎರಡೂ ಮುಖಗಳು ಬದಲಾಗಿವೆ. ಒಂದು ಕಡೆ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಅವರ ತಲೆಯ ಬದಲು ಸ್ವಾತಂತ್ರ್ಯದೇವಿಯ ಮುಖ. ಇನ್ನೊಂದು ಕಡೆ ಹಾರುತ್ತಿರುವ ಹದ್ದು, ಅದರ ಕಾಲುಗುರುಗಳಲ್ಲಿ ಬಾಣಗಳು. ಇಷ್ಟು ವರ್ಷ ಅದೇ ಜಾಗದಲ್ಲಿದ್ದ ಆಲಿವ್ ಕೊಂಬೆ ಮಾತ್ರ ಕಾಣುತ್ತಿಲ್ಲ.

ಆಲಿವ್ ಕೊಂಬೆ ಎಂದರೆ ಶಾಂತಿ, ಬಾಣ ಎಂದರೆ ಯುದ್ಧ. ಹಾಗಾದರೆ ಒಂದು ದೇಶ ಶಾಂತಿಯ ಮಾತು ಬಿಟ್ಟು ಯುದ್ಧದ ಮಾತಿಗೆ ಇಳಿದಿದೆ ಎಂದು ಅರ್ಥವೇ? ಹದಿನೆಂಟು ಮಿಲಿಮೀಟರಿನ ಲೋಹದ ಬಿಲ್ಲೆಯಿಂದ ಅಷ್ಟು ದೊಡ್ಡ ತೀರ್ಮಾನ ಮಾಡಬಹುದೇ? ಉತ್ತರಕ್ಕೆ ಮೊದಲು ನಾಣ್ಯ ಮಾತಾಡುವ ರೀತಿ ಗೊತ್ತಿರಬೇಕು.

ಕೈಯಿಂದ ಕೈಗೆ ಹೋಗುವ ಸಂದೇಶ

ಪತ್ರಿಕೆ, ರೇಡಿಯೊ ಇಲ್ಲದ ಕಾಲದಲ್ಲಿ ರಾಜನ ಮಾತು ಹಳ್ಳಿಯವರೆಗೆ ತಲುಪುತ್ತಿದ್ದುದು ಎರಡೇ ದಾರಿಯಲ್ಲಿ: ಡಂಗುರ ಮತ್ತು ನಾಣ್ಯ. ಡಂಗುರ ಒಂದು ದಿನಕ್ಕೆ ಮುಗಿಯುತ್ತದೆ. ನಾಣ್ಯ ಮೂವತ್ತು ನಲವತ್ತು ವರ್ಷ ಸಂತೆ, ಗಲ್ಲಾಪೆಟ್ಟಿಗೆ, ಹುಂಡಿ ಸುತ್ತುತ್ತದೆ. ಓದು ಬಾರದವನಿಗೂ ಅದರ ಚಿತ್ರ ಅರ್ಥವಾಗುತ್ತದೆ.

ವಿಜಯನಗರದ ಅಚ್ಯುತದೇವರಾಯನ ಚಿನ್ನದ ನಾಣ್ಯಗಳಲ್ಲಿ ಗಂಡಭೇರುಂಡವಿದೆ. ಎರಡು ತಲೆಯ ಆ ಹಕ್ಕಿ ಕೊಕ್ಕುಗಳಲ್ಲೂ ಕಾಲುಗುರುಗಳಲ್ಲೂ ಆನೆಗಳನ್ನು ಹಿಡಿದಿದೆ. ಆನೆಯನ್ನೇ ಎತ್ತುವ ಹಕ್ಕಿಯ ಒಡೆಯ ನಾನು, ನನ್ನ ತಂಟೆಗೆ ಬರಬೇಡಿ ಎಂಬುದು ಆ ಚಿತ್ರದ ಮಾತು. ಅದನ್ನು ತಿಳಿಯಲು ಶಾಸನ ಓದಬೇಕಾಗಿಲ್ಲ. ಹಕ್ಕಿ ಏನನ್ನು ಹಿಡಿದಿದೆ ಎಂದು ನೋಡಿದರೆ ಸಾಕು.

ನಾಣ್ಯದ ಮೇಲೆ ಏನಿರಬೇಕು ಎಂದು ತೀರ್ಮಾನಿಸುವುದು ಸರ್ಕಾರ, ಜನರಲ್ಲ. ಇದನ್ನು ನೆನಪಿಡಬೇಕು. ಭಾರತದಲ್ಲಿ ಈ ಅಧಿಕಾರ 2011ರ ನಾಣ್ಯ ಕಾಯ್ದೆಯಂತೆ ಕೇಂದ್ರ ಸರ್ಕಾರದ್ದು. ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೊಯ್ಡಾದ ಟಂಕಸಾಲೆಗಳು ಅಚ್ಚು ಹಾಕುತ್ತವೆ, ರಿಸರ್ವ್ ಬ್ಯಾಂಕ್ ಹಂಚುತ್ತದೆ. ಅಮೆರಿಕದಲ್ಲಿ ಎರಡು ಸಲಹಾ ಸಮಿತಿಗಳು ವಿನ್ಯಾಸ ನೋಡಿ ಅಭಿಪ್ರಾಯ ಕೊಡುತ್ತವೆ, ಕೊನೆಯ ಒಪ್ಪಿಗೆ ಖಜಾನೆ ಕಾರ್ಯದರ್ಶಿಯದು. ಹಾಗಾಗಿ ನಾಣ್ಯದಲ್ಲಿ ಕಾಣುವುದು ದೇಶ ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಮಾತು. ಮದುವೆ ಆಲ್ಬಮ್‌ಗೆ ಯಾವ ಫೋಟೊ ಸೇರಬೇಕು ಎಂದು ಮನೆಯವರು ಆರಿಸುವ ಹಾಗೆ.

ಶಾಂತಿದೇವಿಯ ಕೈಯಲ್ಲಿ ದಂಡ

ಆಲಿವ್ ಕೊಂಬೆಯ ಗುರುತು ಬಂದದ್ದು ಗ್ರೀಸ್, ರೋಮ್ ಕಡೆಯಿಂದ. ರೋಮನ್ನರ ಭಾಷೆಯಲ್ಲಿ ಶಾಂತಿಗೆ ಪಾಕ್ಸ್ ಎಂದು ಹೆಸರು, ಆ ಹೆಸರಿನ ದೇವಿಯೂ ಇದ್ದಳು. ಅವಳನ್ನು ನೋಡಲು ರೋಮ್‌ವರೆಗೆ ಹೋಗಬೇಕಾಗಿಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ನೆಲ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿತು. ಮುಂದೆ ಎಚ್‌ಎಎಲ್ ಬಳಿಯೂ ಇಂಥದೇ ಗಂಟು ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯಗಳು ಸಿಕ್ಕಿವೆ. ಮೆಣಸು, ಬಟ್ಟೆ, ಹರಳುಗಳಿಗೆ ಬೆಲೆಯಾಗಿ ಬಂದ ಹಣ ಅದು.

ದಕ್ಷಿಣ ಭಾರತದಲ್ಲಿ ಹೆಚ್ಚು ಸಿಗುವ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಎರಡು ಬಗೆ ಮುಖ್ಯ. ಒಂದು ಚಕ್ರವರ್ತಿ ಅಗಸ್ಟಸ್‌ನದು. ಅದರ ಹಿಂಬದಿಯಲ್ಲಿ ಅವನು ದತ್ತು ಪಡೆದ ಇಬ್ಬರು ಮೊಮ್ಮಕ್ಕಳು ನಿಂತಿದ್ದಾರೆ, ನಡುವೆ ಗುರಾಣಿ ಮತ್ತು ಈಟಿಗಳು. ಇನ್ನೊಂದು ಅವನ ನಂತರ ಬಂದ ಟೈಬೀರಿಯಸ್‌ನದು. ಇದರಲ್ಲಿ ಒಬ್ಬ ಹೆಂಗಸು ಆಸನದಲ್ಲಿ ಕೂತಿದ್ದಾಳೆ. ಅವಳು ಶಾಂತಿದೇವಿಯ ರೂಪದಲ್ಲಿರುವ ರಾಜಮಾತೆ ಲಿವಿಯಾ ಎಂದು ವಿದ್ವಾಂಸರಲ್ಲಿ ಅನೇಕರ ಅಭಿಪ್ರಾಯ. ಒಂದು ಕೈಯಲ್ಲಿ ಕೊಂಬೆ, ಇನ್ನೊಂದು ಕೈಯಲ್ಲಿ ಉದ್ದನೆಯ ದಂಡ. ಕೆಲವು ಅಚ್ಚುಗಳಲ್ಲಿ ಆ ದಂಡ ತಲೆಕೆಳಗಾದ ಈಟಿಯ ಹಾಗಿದೆ.

ರೋಮನ್ನರಿಗೆ ಶಾಂತಿಯೆಂದರೆ ಗೆದ್ದ ಮೇಲೆ ಬರುವ ನೆಮ್ಮದಿ. ಶತ್ರು ಮಣಿದಿದ್ದಾನೆ, ಇನ್ನು ಹೋರಾಟದ ಅಗತ್ಯವಿಲ್ಲ ಎಂಬ ಸ್ಥಿತಿ. ರೋಮ್ ನಗರದಲ್ಲಿ ಜೇನಸ್ ಎಂಬ ಎರಡು ಮುಖದ ದೇವರ ಗುಡಿಯಿತ್ತು. ಯುದ್ಧ ನಡೆಯುತ್ತಿದ್ದರೆ ಅದರ ಬಾಗಿಲು ತೆರೆದಿರುತ್ತಿತ್ತು, ಎಲ್ಲ ಕಡೆ ಶಾಂತಿ ನೆಲೆಸಿದಾಗ ಮಾತ್ರ ಮುಚ್ಚುತ್ತಿದ್ದರು. ಹಾಗೆ ಮುಚ್ಚುವುದು ತೀರ ಅಪರೂಪವಾಗಿತ್ತು. ನೀರೋ ಕ್ರಿ.ಶ. 60ರ ದಶಕದಲ್ಲಿ ಅದನ್ನು ಮುಚ್ಚಿಸಿ, ಮುಚ್ಚಿದ ಬಾಗಿಲನ್ನೇ ನಾಣ್ಯದ ಮೇಲೆ ಒತ್ತಿಸಿದ. ನೆಲದ ಮೇಲೂ ನೀರಿನ ಮೇಲೂ ಶಾಂತಿ ಗಳಿಸಿ ಬಾಗಿಲು ಮುಚ್ಚಿದೆ ಎಂದು ಅದರ ಸುತ್ತ ಬರೆಸಿದ. ಕೆಲವೇ ವರ್ಷಗಳಲ್ಲಿ, ಕ್ರಿ.ಶ. 70ರಲ್ಲಿ, ರೋಮನ್ ಸೇನೆ ಜೆರುಸಲೇಮನ್ನು ನೆಲಸಮ ಮಾಡಿತು. ಆಗ ಚಕ್ರವರ್ತಿ ವೆಸ್ಪೇಸಿಯನ್ ಹೊರಡಿಸಿದ ನಾಣ್ಯಗಳಲ್ಲಿ ಒಂದು ಖರ್ಜೂರದ ಮರ, ಅದರ ಬುಡದಲ್ಲಿ ಕೂತು ಅಳುತ್ತಿರುವ ಹೆಂಗಸು, ‘ಜುಡೇಯ ಕೈವಶ’ ಎಂಬ ಬರಹ. ಸೋತವರ ಕಣ್ಣೀರನ್ನು ಇಷ್ಟು ನೇರವಾಗಿ ತೋರಿಸಿದ ನಾಣ್ಯಗಳು ಚರಿತ್ರೆಯಲ್ಲಿ ಹೆಚ್ಚಿಲ್ಲ.

ಎಡ ಯಾವುದು, ಬಲ ಯಾವುದು

ಅಮೆರಿಕದವರು 1782ರಲ್ಲಿ ತಮ್ಮ ರಾಷ್ಟ್ರಮುದ್ರೆ ರೂಪಿಸುವಾಗ ರೋಮ್‌ನ ಈ ಗುರುತುಗಳನ್ನೇ ಎರವಲು ಪಡೆದರು. ಅವರ ಹದ್ದು ಬಲಗಾಲಲ್ಲಿ ಆಲಿವ್ ಕೊಂಬೆ, ಎಡಗಾಲಲ್ಲಿ 13 ಬಾಣ ಹಿಡಿದಿದೆ. ಆಗ ಇದ್ದ ರಾಜ್ಯಗಳು 13. ಶಾಂತಿ ಮತ್ತು ಯುದ್ಧ ಎರಡನ್ನೂ ತೀರ್ಮಾನಿಸುವ ಅಧಿಕಾರ ಕಾಂಗ್ರೆಸ್ಸಿಗೆ ಮಾತ್ರ ಸೇರಿದ್ದು ಎಂಬುದು ಅಂದು ದಾಖಲಾದ ಅಧಿಕೃತ ವಿವರಣೆ. ಅಂದರೆ ಆ ಹದ್ದು ಶಾಂತಿದೂತನೂ ಅಲ್ಲ, ಯೋಧನೂ ಅಲ್ಲ. ಎರಡರ ನಡುವೆ ಆರಿಸುವ ಹಕ್ಕು ಯಾರದು ಎಂದು ಹೇಳುವ ಚಿತ್ರ ಅದು. ಈ ಸೂಕ್ಷ್ಮ ಇವತ್ತಿನ ಚರ್ಚೆಗಳಲ್ಲಿ ಕಳೆದುಹೋಗುತ್ತಿದೆ ಎಂದು ನನಗೆ ಅನಿಸುತ್ತದೆ.

ಹದ್ದು ನಮ್ಮ ಎದುರಿಗೆ ನಿಂತಿರುವುದರಿಂದ ಅದರ ಬಲ ನಮ್ಮ ಎಡ, ಪಂಕ್ತಿಯಲ್ಲಿ ಎದುರು ಕೂತವರ ಹಾಗೆ. ಲಾಂಛನಗಳ ಲೋಕದಲ್ಲಿ ಬಲಗಡೆ ಗೌರವದ ಕಡೆ. ಆದ್ದರಿಂದ ಬಲಗಾಲಲ್ಲಿ ಏನಿದೆ ಎಂಬುದಕ್ಕೆ ಬೆಲೆ ಹೆಚ್ಚು.

ಇಷ್ಟು ತಿಳಿದ ಮೇಲೆ ಒಂದು ವಿಚಿತ್ರ ನೋಡಿ. 1798ರ ಬೆಳ್ಳಿ ಡಾಲರಿನ ಹದ್ದು ಬಲಗಾಲಲ್ಲಿ ಬಾಣ, ಎಡಗಾಲಲ್ಲಿ ಕೊಂಬೆ ಹಿಡಿದಿದೆ! ರಾಷ್ಟ್ರಮುದ್ರೆಗೆ ತದ್ವಿರುದ್ಧ. ಆ ವರ್ಷಗಳಲ್ಲಿ ಅಮೆರಿಕ ಮತ್ತು ಫ್ರಾನ್ಸ್ ಹಡಗುಗಳ ನಡುವೆ ಘೋಷಣೆಯಿಲ್ಲದ ಕಾದಾಟ ನಡೆದಿತ್ತು. ಹಾಗಾಗಿ ಇದು ಯುದ್ಧಕ್ಕೆ ಸಿದ್ಧ ಎಂಬ ಸೂಚನೆ ಎಂದು ಕೆಲವರು ಓದುತ್ತಾರೆ. ಅಚ್ಚು ಕೊರೆದ ರಾಬರ್ಟ್ ಸ್ಕಾಟ್ ಎಡಬಲ ತಪ್ಪಿದ್ದಾನೆ ಎಂದು ಇನ್ನು ಕೆಲವರು ಹೇಳುತ್ತಾರೆ. ಅಚ್ಚಿನಲ್ಲಿ ಚಿತ್ರವನ್ನು ತಿರುಗುಮುರುಗಾಗಿ ಕೊರೆಯಬೇಕು, ನಮ್ಮ ರಬ್ಬರ್ ಸ್ಟಾಂಪಿನಲ್ಲಿ ಅಕ್ಷರಗಳು ಉಲ್ಟಾ ಇರುವ ಹಾಗೆ. ಕೈತಪ್ಪುವುದು ಸುಲಭ. ಇದೇ ವಿನ್ಯಾಸ 1796ರ ಚಿನ್ನದ ನಾಣ್ಯದಲ್ಲಿ, ಫ್ರಾನ್ಸ್ ಜಗಳ ಕಾವೇರುವ ಮೊದಲೇ ಇತ್ತು ಎಂಬುದನ್ನು ನೋಡಿದರೆ ಯುದ್ಧದ ಓದು ಸ್ವಲ್ಪ ಸಡಿಲವಾಗುತ್ತದೆ. 1807ರ ಹೊಸ ವಿನ್ಯಾಸದಲ್ಲಿ ಕೊಂಬೆ ಬಲಗಾಲಿಗೆ ಮರಳಿತು.

ಯುದ್ಧ ಬಂದಾಗ ಅಮೆರಿಕದ ಹದ್ದು ಬಾಣದ ಕಡೆ ತಲೆ ತಿರುಗಿಸುತ್ತದೆ ಎಂಬ ಮಾತನ್ನೂ ಕೇಳಿರಬಹುದು. ಅದು ನಿಜವಲ್ಲ. ಅಧ್ಯಕ್ಷರ ಮುದ್ರೆಯ ಹದ್ದು ಹಿಂದೆ ಬಾಣಗಳ ಕಡೆ ನೋಡುತ್ತಿತ್ತು. 1945ರ ಅಕ್ಟೋಬರಿನಲ್ಲಿ, ಮಹಾಯುದ್ಧ ಮುಗಿದ ಬೆನ್ನಿಗೆ, ಅಧ್ಯಕ್ಷ ಟ್ರೂಮನ್ ಆದೇಶದಂತೆ ಅದು ಕೊಂಬೆಯ ಕಡೆ ತಿರುಗಿತು. ಆಮೇಲೆ ಎಷ್ಟೋ ಯುದ್ಧಗಳು ನಡೆದರೂ ತಲೆ ಅಲ್ಲೇ ಇದೆ. 1961ರ ಜನವರಿಯಲ್ಲಿ ಕೆನಡಿ ಇದೇ ಹದ್ದನ್ನು ಸಂಸತ್ತಿಗೆ ನೆನಪಿಸಿ, ಕೊಂಬೆ ಮತ್ತು ಬಾಣ ಎರಡಕ್ಕೂ ಸಮನಾದ ಗಮನ ಕೊಡುತ್ತೇವೆ ಎಂದಿದ್ದರು. ಅವರ ಹತ್ಯೆಯ ನಂತರ 1964ರಲ್ಲಿ ಬಂದ ಅರ್ಧ ಡಾಲರಿನ ಹಿಂಬದಿಯಲ್ಲಿ ಇರುವುದು ಅದೇ ಮುದ್ರೆ.

ಕವಚ ತೊಟ್ಟ ದೇವಿ

ನಾಣ್ಯ ತನ್ನ ಕಾಲದ ಅಳುಕನ್ನು ಹೇಗೆ ಹಿಡಿದಿಡುತ್ತದೆ ಎಂಬುದಕ್ಕೆ 1916ಕ್ಕಿಂತ ಒಳ್ಳೆಯ ವರ್ಷ ಸಿಗದು. ಯೂರೋಪ್ ಉರಿಯುತ್ತಿತ್ತು, ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಆ ವರ್ಷದ ಹೊಸ ಡೈಮ್‌ನ ಹಿಂಬದಿಯಲ್ಲಿ ಕೋಲುಗಳ ಕಟ್ಟು, ಅದರಲ್ಲಿ ಸಿಕ್ಕಿಸಿದ ಕೊಡಲಿ, ಸುತ್ತ ಆಲಿವ್ ಕೊಂಬೆ. ಕಟ್ಟಿದ ಕೋಲು ಒಗ್ಗಟ್ಟು, ಕೊಡಲಿ ಸಿದ್ಧತೆ, ಕೊಂಬೆ ಶಾಂತಿ. ಆ ಕೋಲಿನ ಕಟ್ಟು ರೋಮನ್ ಅಧಿಕಾರಿಗಳ ಗುರುತು, ಹೆಸರು ಫ್ಯಾಸೀಸ್. ಮೂರು ವರ್ಷದ ನಂತರ ಇಟಲಿಯಲ್ಲಿ ಮುಸೊಲಿನಿ ಕಟ್ಟಿದ ಚಳವಳಿಯ ಹೆಸರೂ ಗುರುತೂ ಇದೇ ಮೂಲದ್ದು. ಹೀಗಾಗಿ ಎರಡನೇ ಮಹಾಯುದ್ಧದಲ್ಲಿ ಫ್ಯಾಸಿಸಂ ವಿರುದ್ಧ ಹೋರಾಡಿದ ಅಮೆರಿಕನ್ ಸೈನಿಕರ ಜೇಬಿನಲ್ಲಿ ಫ್ಯಾಸೀಸ್ ಇರುವ ನಾಣ್ಯವೇ ಇತ್ತು. ಚಿತ್ರ ಅದೇ, ಕಾಲ ಅದರ ಅರ್ಥ ಬದಲಿಸಿತು.

ಅದೇ ಸಮಯದ ಕ್ವಾರ್ಟರ್, ಅಂದರೆ 25 ಸೆಂಟಿನ ನಾಣ್ಯದಲ್ಲಿ ಸ್ವಾತಂತ್ರ್ಯದೇವಿ ಒಂದು ಕೈಯಲ್ಲಿ ಕೊಂಬೆ ಚಾಚಿ, ಇನ್ನೊಂದರಲ್ಲಿ ಗುರಾಣಿ ಎತ್ತಿ ನಿಂತಿದ್ದಾಳೆ. ಮೊದಲ ಅಚ್ಚಿನಲ್ಲಿ ಅವಳ ಒಂದು ಎದೆ ತೆರೆದಿತ್ತು. 1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧ ಘೋಷಿಸಿತು. ಅದೇ ವರ್ಷ ಬದಲಾದ ಅಚ್ಚಿನಲ್ಲಿ ದೇವಿ ಲೋಹದ ಬಳೆಗಳನ್ನು ಹೆಣೆದ ಕವಚ ತೊಟ್ಟಿದ್ದಾಳೆ. ಮಡಿವಂತರ ಆಕ್ಷೇಪಕ್ಕೆ ಹೆದರಿ ಮುಚ್ಚಿದರು ಎಂಬ ಕತೆ ಜನಪ್ರಿಯ. ಆದರೆ ಶಿಲ್ಪಿ ಹರ್ಮನ್ ಮ್ಯಾಕ್‌ನೀಲ್ ತಾವೇ ತಿದ್ದುಪಡಿಗೆ ಅವಕಾಶ ಕೇಳಿದ್ದರು. ಮೈ ಮುಚ್ಚಲು ಸೆರಗು ಸಾಕಾಗಿತ್ತು, ಅವರು ಕೊಟ್ಟದ್ದು ಕವಚ.

ಮುರಿದ ಕತ್ತಿಯ ಜಗಳ, ಅದರ ಹಿಂದೆ ನಮ್ಮ ರೂಪಾಯಿ

ಯುದ್ಧ ಮುಗಿದ ಮೇಲೆ ಶಾಂತಿಯ ಹೆಸರಿನಲ್ಲೇ ಒಂದು ನಾಣ್ಯ ಬಂತು: 1921ರ ಪೀಸ್ ಡಾಲರ್. ಅದರ ಮೂಲದಲ್ಲಿ ಭಾರತವಿದೆ ಎಂಬುದು ಇಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ.

ಮೊದಲ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಬ್ರಿಟಿಷರ ಪರವಾಗಿ ಕಡಲಾಚೆ ಹೋದರು. ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್‌ಗಳು ಅವರಲ್ಲಿ ಸೇರಿದ್ದಾರೆ. ಸೈನಿಕರ ಸಂಬಳ, ಸೇನೆಗೆ ಕೊಂಡ ಗೋಣಿ, ಧಾನ್ಯ ಎಲ್ಲಕ್ಕೂ ಬೆಳ್ಳಿ ರೂಪಾಯಿ ಎಣಿಸಬೇಕಿತ್ತು. ಬೆಳ್ಳಿ ಸಾಲದೆ 1917ರ ನವೆಂಬರ್ 30ರಂದು ಸರ್ಕಾರ ಒಂದು ರೂಪಾಯಿ ನೋಟು ತಂದಿತು. ನೋಟಿನ ಮೇಲೆ ಬೆಳ್ಳಿ ರೂಪಾಯಿಯ ಚಿತ್ರವನ್ನೇ ಅಚ್ಚು ಹಾಕಿ, ಇದೂ ಅದೇ ಎಂದು ನಂಬಿಸಬೇಕಾಯಿತು. ಜನ ನಂಬಲಿಲ್ಲ. ನೋಟು ತಂದು ಕೌಂಟರಿನಲ್ಲಿ ಬೆಳ್ಳಿ ಕೇಳತೊಡಗಿದರು. ಕೊಡಲು ಬೆಳ್ಳಿ ಇಲ್ಲ ಎಂದು ಗೊತ್ತಾದರೆ ಸರ್ಕಾರದ ಮೇಲಿನ ವಿಶ್ವಾಸವೇ ಕುಸಿಯುತ್ತಿತ್ತು.

ಬ್ರಿಟನ್ ಅಮೆರಿಕದ ಬಾಗಿಲು ತಟ್ಟಿತು. 1918ರ ಏಪ್ರಿಲ್‌ನಲ್ಲಿ ಪಿಟ್‌ಮನ್ ಕಾಯ್ದೆ ಪಾಸಾಯಿತು. ಖಜಾನೆಯಲ್ಲಿ ಸುಮ್ಮನೆ ಬಿದ್ದಿದ್ದ ಸುಮಾರು 27 ಕೋಟಿ ಬೆಳ್ಳಿ ಡಾಲರ್‌ಗಳನ್ನು ಕರಗಿಸಿದರು. ಅದರಲ್ಲಿ ಸುಮಾರು 26 ಕೋಟಿ ಡಾಲರ್‌ಗಳ ಬೆಳ್ಳಿ, ಗಟ್ಟಿಗಳಾಗಿ ಭಾರತಕ್ಕೆಂದು ಬ್ರಿಟನ್‌ಗೆ ಮಾರಾಟವಾಯಿತು. ಕಲ್ಕತ್ತ, ಬಾಂಬೆ ಟಂಕಸಾಲೆಗಳಲ್ಲಿ ಅದು ಐದನೇ ಜಾರ್ಜನ ತಲೆಯುಳ್ಳ ರೂಪಾಯಿಯಾಯಿತು. ಅಜ್ಜಿಯ ಪೆಟ್ಟಿಗೆಯಲ್ಲಿ 1918ರ, 1919ರ ಬೆಳ್ಳಿ ರೂಪಾಯಿ ಉಳಿದಿದ್ದರೆ, ಅದರ ಬೆಳ್ಳಿ ಒಂದು ಕಾಲಕ್ಕೆ ಅಮೆರಿಕದ ಡಾಲರ್ ಆಗಿದ್ದಿರಬಹುದು.

ಕರಗಿಸಿದಷ್ಟೇ ಡಾಲರ್‌ಗಳನ್ನು ಅಮೆರಿಕದ ಗಣಿಗಳ ಬೆಳ್ಳಿ ಕೊಂಡು ಮತ್ತೆ ಟಂಕಿಸಬೇಕು ಎಂದು ಕಾಯ್ದೆ ಹೇಳಿತ್ತು. ಹೇಗೂ ಕೋಟಿಗಟ್ಟಲೆ ಹೊಸ ನಾಣ್ಯ ಬೇಕಲ್ಲ, ಅದರ ಮೇಲೆ ಶಾಂತಿಯ ನೆನಪು ಇರಲಿ ಎಂದು ನಾಣ್ಯಸಂಗ್ರಾಹಕ ಫರ‍್ರನ್ ಜರ್ಬ್ 1920ರಲ್ಲಿ ಪ್ರಸ್ತಾಪಿಸಿದರು. ಶಿಲ್ಪಿಗಳ ಸ್ಪರ್ಧೆ ನಡೆಯಿತು. ಗೆದ್ದವರು ಇಟಲಿಯ ಪಲೆರ್ಮೊದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದಿದ್ದ ಆಂಥೊನಿ ಡಿ ಫ್ರಾನ್ಸಿಸ್ಕಿ. ದೇವಿಯ ಮುಖಕ್ಕೆ ಅವರ ಹೆಂಡತಿ ತೆರೆಸಾ ಮಾದರಿಯಾದರು.

ಹಿಂಬದಿಯಲ್ಲಿ ಬಂಡೆಯ ಮೇಲೆ ಕೂತ ಹದ್ದು, ಅದರ ಕಾಲಡಿ ಮುರಿದ ಕತ್ತಿ. ಇನ್ನು ಯುದ್ಧ ಬೇಡ, ಆಯುಧ ಮುರಿದಿದ್ದೇವೆ ಎಂದು ಶಿಲ್ಪಿಯ ಭಾವ. ವಾಷಿಂಗ್ಟನ್ನಿನಲ್ಲಿ ಆಗಷ್ಟೇ ದೊಡ್ಡ ದೇಶಗಳು ಯುದ್ಧನೌಕೆಗಳನ್ನು ಕಡಿಮೆ ಮಾಡುವ ಮಾತುಕತೆಗೆ ಕೂತಿದ್ದವು, ಹಾಗಾಗಿ ಚಿತ್ರ ಕಾಲಕ್ಕೆ ಹೊಂದುತ್ತಿತ್ತು. ಆದರೆ ಸುದ್ದಿ ಹೊರಬಿದ್ದ ಕೂಡಲೇ ಗದ್ದಲವೆದ್ದಿತು. ಸೈನಿಕರ ಸಂಪ್ರದಾಯದಲ್ಲಿ ಕತ್ತಿ ಮುರಿಯುವುದು ಸೋತವನ, ಅವಮಾನಿತನಾದವನ ಗುರುತು. ಗೆದ್ದ ದೇಶ ಕತ್ತಿಯನ್ನು ಒರೆಗೆ ಸೇರಿಸಬೇಕೇ ಹೊರತು ಮುರಿಯುವುದೇ ಎಂದು ಪತ್ರಿಕೆ ಬರೆಯಿತು, ಪತ್ರಗಳು ಬಂದವು.

1921ರ ಡಿಸೆಂಬರ್ ಮುಗಿಯುತ್ತಿತ್ತು, ಆ ವರ್ಷದ ಇಸವಿಯಲ್ಲೇ ನಾಣ್ಯ ಹೊರಬರಬೇಕಿತ್ತು. ಹೊಸದಾಗಿ ಶಿಲ್ಪ ಮಾಡಲು ಸಮಯವಿರಲಿಲ್ಲ. ಟಂಕಸಾಲೆಯ ಮುಖ್ಯ ಕೆತ್ತನೆಗಾರ, ಎಪ್ಪತ್ತು ದಾಟಿದ್ದ ಜಾರ್ಜ್ ಮಾರ್ಗನ್, ಕತ್ತಿಯನ್ನು ಉಕ್ಕಿನ ಮೂಲ ಅಚ್ಚಿನಿಂದ ಕೈಯಲ್ಲೇ ಕೆರೆದು ತೆಗೆದರು. ತೆಗೆದ ಗುರುತು ಕಾಣದಿರಲೆಂದು ಆಲಿವ್ ಕೊಂಬೆಯನ್ನು ಉದ್ದ ಮಾಡಿದರು. ವರ್ಷ ಮುಗಿಯಲು ಮೂರ್ನಾಲ್ಕು ದಿನವಿದ್ದಾಗ ಅಚ್ಚು ಶುರುವಾಗಿ ಹತ್ತು ಲಕ್ಷಕ್ಕೂ ಸ್ವಲ್ಪ ಹೆಚ್ಚು ನಾಣ್ಯ ಸಿದ್ಧವಾದವು. ಬಂಡೆಯ ಮೇಲೆ ‘ಶಾಂತಿ’ ಎಂಬ ಇಂಗ್ಲಿಷ್ ಪದವಿದೆ. ಹದ್ದಿನ ಕಾಲಲ್ಲಿ ಬಾಣಗಳಿಲ್ಲ, ಕೊಂಬೆ ಮಾತ್ರ.

ಶಾಂತಿ ಬೇಕು ಎಂಬುದರಲ್ಲಿ ಅಂದು ತಕರಾರಿರಲಿಲ್ಲ. ಆಯುಧ ಕೆಳಗಿಡುವುದನ್ನು ಹೇಗೆ ತೋರಿಸಬೇಕು ಎಂಬಲ್ಲಿ ತಕರಾರಿತ್ತು. ಗೆದ್ದವರ ಶಾಂತಿಯಾಗಿ ಕಾಣಬೇಕು, ಸೋತವರದಾಗಿ ಕಾಣಬಾರದು. ಟೈಬೀರಿಯಸ್‌ನ ನಾಣ್ಯದಿಂದ ಇದು ಹತ್ತೊಂಬತ್ತು ನೂರು ವರ್ಷ ದೂರ, ಆದರೂ ಮಾತು ಬಹಳ ಬದಲಾಗಿಲ್ಲ.

ತೂತು ಕಾಸು

ಕೆಲವೊಮ್ಮೆ ಚಿತ್ರ ಬಾಯಿ ಮುಚ್ಚಿದ್ದರೂ ಲೋಹ ಮಾತಾಡುತ್ತದೆ. ತೋಟಾಗಳಿಗೆ ತಾಮ್ರ ಬೇಕಾದದ್ದರಿಂದ 1943ರಲ್ಲಿ ಅಮೆರಿಕ ಒಂದು ಸೆಂಟಿನ ನಾಣ್ಯವನ್ನು ಸತು ಲೇಪಿಸಿದ ಉಕ್ಕಿನಲ್ಲಿ ಮಾಡಿತು. ಅದೇ ವರ್ಷ ಭಾರತದಲ್ಲಿ ನಡುವೆ ದೊಡ್ಡ ರಂಧ್ರವಿರುವ ಕಾಸು ಬಂತು. ಹಿರಿಯರು ತೂತು ಕಾಸು ಎನ್ನುವುದು ಅದನ್ನೇ. ಅದರ ಮೇಲೆ ಯುದ್ಧದ ಒಂದು ಗುರುತೂ ಇಲ್ಲ, ಆದರೆ ಆ ತೂತೇ ಯುದ್ಧಕಾಲದ ಲೋಹದ ಅಭಾವದ ಲೆಕ್ಕ. ಬೆಳ್ಳಿ ರೂಪಾಯಿಯ ಬೆಳ್ಳಿಯೂ 1940ರಲ್ಲಿ ಅರ್ಧಕ್ಕೆ ಇಳಿದು, 1946–47ಕ್ಕೆ ರೂಪಾಯಿ ಪೂರ್ತಿ ನಿಕ್ಕಲ್ ಆಯಿತು.

ಹುಲಿ ಹೋಗಿ ತೆನೆ ಬಂತು

ಆ ನಿಕ್ಕಲ್ ರೂಪಾಯಿಯ ಒಂದು ಬದಿಯಲ್ಲಿ ಆರನೇ ಜಾರ್ಜ್, ಇನ್ನೊಂದು ಬದಿಯಲ್ಲಿ ಹೆಜ್ಜೆ ಹಾಕುವ ಹುಲಿ. 1950ರ ಆಗಸ್ಟ್ 15ರಂದು ಗಣರಾಜ್ಯದ ಮೊದಲ ನಾಣ್ಯಗಳು ಬಂದಾಗ ರಾಜನ ಜಾಗಕ್ಕೆ ಸಾರನಾಥದ ಸಿಂಹಗಳು, ರೂಪಾಯಿಯ ಹುಲಿಯ ಜಾಗಕ್ಕೆ ಗೋಧಿಯ ತೆನೆ ಬಂದವು. ಆಣೆಗಳ ಮೇಲೆ ಗೂಳಿ, ಕಾಸಿನ ಮೇಲೆ ಕುದುರೆ. ಸಾರನಾಥದ ಕಂಬದಲ್ಲಿ ಸಿಂಹಗಳ ಪಾದದ ಕೆಳಗಿನ ಪಟ್ಟಿಯಲ್ಲಿ ಗೂಳಿ, ಕುದುರೆ ಎರಡೂ ಇವೆ.

ಆ ಕಂಬ ನಿಲ್ಲಿಸಿದ ಅಶೋಕ ಕಳಿಂಗವನ್ನು ಗೆದ್ದು, ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನ ಸೆರೆಯಾಗಿ ಹೋದರು ಎಂದು ತಾನೇ ಬಂಡೆಯ ಮೇಲೆ ಬರೆಸಿ ಪಶ್ಚಾತ್ತಾಪ ಪಟ್ಟವನು. ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎಂದು ಖಚಿತಪಡಿಸಿದ್ದು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನ. ವೆಸ್ಪೇಸಿಯನ್‌ನ ಹಾಗೆ ಅಶೋಕನೂ ಗೆದ್ದವನೇ. ಒಬ್ಬ ಸೋತವರ ಅಳುವನ್ನು ನಾಣ್ಯಕ್ಕೆ ಹಾಕಿ ಮೆರೆದ, ಇನ್ನೊಬ್ಬ ಸೋತವರ ಲೆಕ್ಕ ಬರೆಸಿ ನೊಂದ. ಹೊಸ ಗಣರಾಜ್ಯ ಎರಡನೆಯವನನ್ನು ಆರಿಸಿಕೊಂಡಿತು. ಹಾಗೆಂದು ಸಿಂಹ ಸಾಧು ಪ್ರಾಣಿಯಲ್ಲ, ಬಲದ ಸೂಚನೆ ಅಲ್ಲೂ ಇದೆ. 1965ರ ಯುದ್ಧಕ್ಕೆ ಐವತ್ತು ವರ್ಷವಾದಾಗ, 2015ರಲ್ಲಿ, ಅಮರ್ ಜವಾನ್ ಸ್ಮಾರಕದ ಚಿತ್ರವಿರುವ ಐದು ರೂಪಾಯಿ ನಾಣ್ಯವೂ ಬಂದಿದೆ.

ಮತ್ತೆ ಆ ಡೈಮ್

ಈಗ ಹೊಸ ಡೈಮ್ ನೋಡೋಣ. ಅದರ ಬಾಣಗಳು 1776ರ ಸ್ವಾತಂತ್ರ್ಯ ಸಮರವನ್ನು ಸೂಚಿಸುತ್ತವೆ ಎಂದು ಟಂಕಸಾಲೆ ಹೇಳಿದೆ. ದಬ್ಬಾಳಿಕೆಯ ಮೇಲೆ ಸ್ವಾತಂತ್ರ್ಯ ಎಂಬ ಅರ್ಥದ ಬರಹವೂ ನಾಣ್ಯದಲ್ಲಿದೆ. ಒಂದು ಯುದ್ಧದಿಂದ ಹುಟ್ಟಿದ ದೇಶ ತನ್ನ ಹುಟ್ಟನ್ನು ನೆನೆಯುವಾಗ ಬಾಣ ತೋರಿಸುವುದಕ್ಕೆ ಕಾರಣವಿದೆ, ಅಷ್ಟನ್ನು ಒಪ್ಪಬಹುದು. ಇದು 2026ರ ಒಂದು ವರ್ಷಕ್ಕೆ ಮಾಡಿದ ವಿಶೇಷ ವಿನ್ಯಾಸ ಎಂಬುದೂ ಗಮನದಲ್ಲಿರಲಿ.

ಆದರೂ ಜನ ಪ್ರಶ್ನೆ ಎತ್ತಿದ್ದು ಸುಮ್ಮನೆ ಅಲ್ಲ. 1916ರ ಡೈಮ್‌ನಲ್ಲಿ ಕೊಡಲಿಯ ಜೊತೆಗೆ ಆಲಿವ್ ಕೊಂಬೆ ಇತ್ತು. 1946ರಿಂದ ಬಂದ ರೂಸ್ವೆಲ್ಟ್ ಡೈಮ್‌ನಲ್ಲಿ ನಡುವೆ ಪಂಜು, ಒಂದು ಬದಿಗೆ ಶಕ್ತಿಯ ಗುರುತಾದ ಓಕ್ ಕೊಂಬೆ, ಇನ್ನೊಂದು ಬದಿಗೆ ಮತ್ತೆ ಆಲಿವ್. ಎರಡು ಮಹಾಯುದ್ಧ, ಕೊರಿಯಾ, ವಿಯೆಟ್ನಾಂ, ಇರಾಕ್ ಎಲ್ಲ ನಡೆದಾಗಲೂ ಈ ಪುಟ್ಟ ನಾಣ್ಯದಿಂದ ಆ ಕೊಂಬೆ ಹೋಗಿರಲಿಲ್ಲ. ಹಳೆಯವು ಯಾವುವೂ ರದ್ದಾಗಿಲ್ಲ. ಮುಂದಿನ ಹಲವು ವರ್ಷ ಅಲ್ಲಿನ ಅಂಗಡಿಗಳ ಗಲ್ಲಾದಲ್ಲಿ ಪಂಜಿನ ಡೈಮ್ ಮತ್ತು ಬಾಣದ ಡೈಮ್ ಒಟ್ಟಿಗೇ ಬಿದ್ದಿರುತ್ತವೆ, ಚಿಲ್ಲರೆ ವಾಪಸ್ ಕೊಡುವವರ ಕೈಗೆ ಯಾವುದು ಸಿಕ್ಕರೆ ಅದು ಜೇಬಿಗೆ ಬರುತ್ತದೆ.